ಬೆಳಕಿನಿಂದ ಬೇಯಿಸುವ ಓವನ್: ಪದೇ ಪದೇ ಕೇಳುವ ಪ್ರಶ್ನೆಗಳು

ಹ್ಯಾಲೊಜನ್ ದೀಪದ ಓವನ್ ಕೊಂಡವರು ಮತ್ತು ಕೊಳ್ಳಬೇಕೆಂದಿರುವವರು ಮುಂಬೈ ಕಡೆಯ ಮಾಟುಂಗಾ, ಠಾಣೆ, ಡೊಂಬಿವಲಿಗಳ ಕನ್ನಡ ಬಳಗಗಳಲ್ಲಿ ಭೇಟಿಯಾದಾಗಲೂ ಪತ್ರಗಳಲ್ಲಿಯೂ ಕೇಳುತ್ತ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಪ್ರಶ್ನೆಗಳನ್ನು ಆದಷ್ಟೂ ಕೇಳಿದವರ ಮಾತಿನಲ್ಲೇ ಉಳಿಸಿದ್ದೇನೆ. ಗಾಜಿನ ಬಟ್ಟಲು, ಅದರ ಮುಚ್ಚಳದಲ್ಲಿ ಬಳೆಯಾಕಾರದ ದೀಪ, ಒಳಗೆ ಆಹಾರವಿಡಲು ಮೇಲೊಂದು ಕೆಳಗೊಂದು ಜಾಲರಿ: ಈ ಓವನ್ನಿನ ರೂಪ ಇಷ್ಟೇ. ಇದರ ಬಗ್ಗೆ ಬರುವ ದೂರುಗಳಲ್ಲಿ ಹೆಚ್ಚಿನವಕ್ಕೆ ಮೂಲ ಒಂದೇ. ಬೆಳಕು ತನಗೆ ಎದುರಾದ ಮೈಯನ್ನು ಮಾತ್ರ ಕಾಯಿಸುತ್ತದೆ. ಒಳಭಾಗವು ಆ ಮೈಯಿಂದ ನಿಧಾನವಾಗಿ ಬಿಸಿ ಪಡೆದು ಬೇಯುತ್ತದೆ. ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ, ಪಾಕಪುಸ್ತಕದಲ್ಲಿ ಬರೆದ ನಿಮಿಷಗಳನ್ನಷ್ಟೇ ನಂಬಿ ಅಡುಗೆಗೆ ಇಳಿದಾಗ ತೊಂದರೆ ಶುರುವಾಗುತ್ತದೆ.

## ಮೊದಲ ಪರಿಚಯ

ಬರೀ ಬಲ್ಬಿನ ಬೆಳಕಿನಿಂದ ಅಡುಗೆ ಬೇಯುತ್ತದೆಯೇ?

ಬೇಯುತ್ತದೆ. ಕಣ್ಣಿಗೆ ಕಾಣುವ ಬೆಳಕು ಆ ದೀಪದಿಂದ ಹೊರಡುವ ಶಕ್ತಿಯಲ್ಲಿ ಸುಮಾರು ಹತ್ತನೆಯ ಒಂದು ಪಾಲು ಮಾತ್ರ. ಉಳಿದದ್ದರ ಬಹುಭಾಗ ಕಣ್ಣಿಗೆ ಕಾಣದ ಅವಕೆಂಪು ಕಿರಣವಾಗಿ ಬರುತ್ತದೆ. ಈ ಕಿರಣಗಳಿವೆ ಎಂಬುದನ್ನು ಖಗೋಳ ವಿಜ್ಞಾನಿ ವಿಲಿಯಂ ಹರ್ಷೆಲ್ 1800ರಲ್ಲಿ ಕಂಡುಕೊಂಡರು. ಸೂರ್ಯನ ಬೆಳಕನ್ನು ಪಟ್ಟಕದಿಂದ ಬಣ್ಣಬಣ್ಣವಾಗಿ ಒಡೆದು, ಕೆಂಪು ಪಟ್ಟಿಯ ಆಚೆ, ಏನೂ ಕಾಣದ ಜಾಗದಲ್ಲಿ ಅವರು ಉಷ್ಣಮಾಪಕವನ್ನಿಟ್ಟಾಗ ಅದರ ಪಾದರಸ ಏರಿತು. ಆಹಾರದ ಮೇಲೆ ಬಿದ್ದ ಕಿರಣವನ್ನು ಆಹಾರವು ಹೀರಿಕೊಂಡಾಗ ಅದೇ ಶಕ್ತಿ ಬಿಸಿಯಾಗುತ್ತದೆ. 1963ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಈಜಿ-ಬೇಕ್ ಎಂಬ ಮಕ್ಕಳ ಆಟಿಕೆಯ ಓವನ್, ಎರಡು ಸಾಮಾನ್ಯ ಬಲ್ಬುಗಳ ಕಾವಿನಿಂದಲೇ ಪುಟ್ಟ ಕೇಕುಗಳನ್ನು ಬೇಯಿಸುತ್ತಿತ್ತು.

ಇದಕ್ಕೂ ಮೈಕ್ರೋವೇವಿಗೂ ಏನು ವ್ಯತ್ಯಾಸ? ಎರಡೂ ಕಿರಣಗಳೇ ಅಲ್ಲವೇ?

ಎರಡೂ ವಿದ್ಯುತ್ಕಾಂತೀಯ ಅಲೆಗಳೇ. ಆದರೆ ಅಲೆಯ ಉದ್ದದಲ್ಲಿ ಅಗಾಧ ಅಂತರವಿದೆ. ಮನೆಯ ಮೈಕ್ರೋವೇವಿನ ಅಲೆ ಸುಮಾರು 12 ಸೆಂಟಿಮೀಟರ್ ಉದ್ದವಿದ್ದರೆ, ಹ್ಯಾಲೊಜನ್ ದೀಪದ ಕಿರಣ ಮಿಲಿಮೀಟರಿನ ಸಾವಿರದ ಒಂದು ಭಾಗದ ಆಸುಪಾಸಿನಲ್ಲಿರುತ್ತದೆ. ಮೈಕ್ರೋವೇವ್ ಆಹಾರದೊಳಕ್ಕೆ ಒಂದೆರಡು ಸೆಂಟಿಮೀಟರ್ ಇಳಿದು ಅಲ್ಲಿನ ನೀರನ್ನು ನೇರವಾಗಿ ಕಾಯಿಸುತ್ತದೆಯಾದರೂ ಮೇಲ್ಮೈಯನ್ನು ಒಣಗಿಸಿ ಕೆಂಪಗೆ ಮಾಡಲಾರದು. ಬೆಳಕಿನ ಓವನ್ ಮೇಲ್ಮೈಯಲ್ಲೇ ಕೆಲಸ ಮಾಡುವುದರಿಂದ ಗರಿ ಮತ್ತು ಹೊಂಬಣ್ಣ ಎರಡನ್ನೂ ಕೊಡುತ್ತದೆ. ನಿನ್ನೆಯ ಪಲ್ಯವನ್ನು ಬಿಸಿ ಮಾಡಲು ಮೈಕ್ರೋವೇವ್ ಸಾಕು. ಮೆತ್ತಗಾದ ಸಮೋಸಕ್ಕೆ ಮತ್ತೆ ಗರಿ ಬರಬೇಕಾದರೆ ಬೆಳಕಿನ ಓವನ್ ಬೇಕು.

ಮನೆಯಲ್ಲಿ ಓಟಿಜಿ ಇದೆ, ಏರ್ ಫ್ರೈಯರ್ ಕೂಡ ಇದೆ. ಇನ್ನೂ ಇದು ಯಾಕೆ ಬೇಕು?

ಎರಡೂ ಇದ್ದು ಎರಡನ್ನೂ ಬಳಸುತ್ತಿದ್ದರೆ ಬೇಡ ಎನ್ನುವುದೇ ನನ್ನ ಅಭಿಪ್ರಾಯ. ಮುಂಬೈಯ ಅಡುಗೆಮನೆಯ ಕಟ್ಟೆಯ ಮೇಲೆ ಮೂರನೆಯ ಪೆಟ್ಟಿಗೆಗೆ ಜಾಗವಿರುವುದೂ ಅಪರೂಪ. ಏರ್ ಫ್ರೈಯರ್ ಮುಖ್ಯವಾಗಿ ಬಿಸಿಗಾಳಿಯನ್ನು ರಭಸದಿಂದ ಬೀಸಿ ಬೇಯಿಸುತ್ತದೆ. ಓಟಿಜಿಯಲ್ಲಿ, ಅಂದರೆ ಓವನ್, ಟೋಸ್ಟರ್, ಗ್ರಿಲ್ ಮೂರೂ ಆಗುವ ಪೆಟ್ಟಿಗೆಯಲ್ಲಿ, ಕಾದ ಸರಳುಗಳ ಕಿರಣವೂ ಒಳಗಿನ ಬಿಸಿಗಾಳಿಯೂ ಸೇರಿ ಕೆಲಸ ಮಾಡುತ್ತವೆ. ಹ್ಯಾಲೊಜನ್ ಓವನ್ನಿನ ಅನುಕೂಲವೆಂದರೆ ಗುಂಡಿ ಒತ್ತಿದ ಕೆಲವೇ ಸೆಕೆಂಡುಗಳಲ್ಲಿ ದೀಪ ಪೂರ್ಣ ಕಾವಿಗೆ ಬರುತ್ತದೆ, ಗಾಜಿನ ಬಟ್ಟಲಿನೊಳಗೆ ಅಡುಗೆ ಎಲ್ಲಿಗೆ ಬಂತು ಎಂಬುದು ಮುಚ್ಚಳ ತೆಗೆಯದೆಯೇ ಕಾಣುತ್ತದೆ. ಇವುಗಳಲ್ಲಿ ಹೆಚ್ಚಿನವುಗಳಿಗೆ ಫ್ಯಾನ್ ಕೂಡ ಇರುವುದರಿಂದ, ಅಂಗಡಿಯಲ್ಲಿ ಸಿಗುವ ಹ್ಯಾಲೊಜನ್ ಓವನ್ ನಿಜವಾಗಿ ಬೆಳಕು ಮತ್ತು ಬಿಸಿಗಾಳಿ ಎರಡನ್ನೂ ಬಳಸುವ ಸಾಧನ.

ಕಿರಣದಲ್ಲಿ ಬೆಂದದ್ದು ತಿಂದರೆ ಕ್ಯಾನ್ಸರ್ ಬರುತ್ತದಂತೆ, ಹೌದೇ?

ಈ ದೀಪದ ಕಿರಣಗಳಿಗೆ ಅಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತು ಹಾಕುವಷ್ಟು ಶಕ್ತಿಯಿಲ್ಲ. ಅವು ಆಹಾರವನ್ನು ಬಿಸಿ ಮಾಡುತ್ತವೆ, ಅಷ್ಟೇ. ಕೆಂಡದಿಂದ ಹೊಮ್ಮುವುದೂ ಇದೇ ಬಗೆಯ ಕಿರಣ. ಅಣು ವಿಕಿರಣದಿಂದ ಆಹಾರವನ್ನು ಸಂಸ್ಕರಿಸುವುದು ಸಂಪೂರ್ಣ ಬೇರೆ ವಿಷಯ. ನಾಸಿಕ್ ಜಿಲ್ಲೆಯ ಲಾಸಲ್‌ಗಾಂವ್‌ನಲ್ಲಿರುವ ಭಾಭಾ ಅಣು ಸಂಶೋಧನಾ ಕೇಂದ್ರದ ಘಟಕದಲ್ಲಿ ಗಾಮಾ ಕಿರಣಗಳಿಂದ ಸಂಸ್ಕರಿಸಿದ ಮಾವಿನಹಣ್ಣುಗಳು 2007ರಲ್ಲಿ ಅಮೆರಿಕಕ್ಕೆ ಹೋದವು. ಆ ಹಣ್ಣು ಕೂಡ ವಿಕಿರಣಶೀಲವಾಗುವುದಿಲ್ಲ. ನಿಜವಾಗಿ ಎಚ್ಚರ ಬೇಕಾದದ್ದು ಕರಟಿಸುವ ವಿಷಯದಲ್ಲಿ: ಆಲೂಗಡ್ಡೆ, ಬ್ರೆಡ್ಡಿನಂಥ ಪಿಷ್ಟದ ಪದಾರ್ಥಗಳನ್ನು 120 ಡಿಗ್ರಿಗೂ ಮೇಲಿನ ಒಣ ಕಾವಿನಲ್ಲಿ ಬೇಯಿಸಿದಾಗ ಅಕ್ರಿಲಮೈಡ್ ಎಂಬ ಅನಪೇಕ್ಷಿತ ವಸ್ತು ಉಂಟಾಗುತ್ತದೆ, ಬಣ್ಣ ಗಾಢವಾದಷ್ಟೂ ಅದು ಹೆಚ್ಚುತ್ತದೆ. ಇದು ಬಾಣಲೆಗೂ ಓಟಿಜಿಗೂ ಸಮನಾಗಿ ಅನ್ವಯಿಸುವ ಮಾತು. ಹೊಂಬಣ್ಣಕ್ಕೆ ನಿಲ್ಲಿಸಿ, ಕಪ್ಪಾಗಲು ಬಿಡಬೇಡಿ.

## ಅಡುಗೆಯ ಮಾತು

ಅನ್ನ, ಬೇಳೆ, ಇಡ್ಲಿ ಆಗುತ್ತದೆಯೇ?

ಇದಕ್ಕೆ ಕುಕ್ಕರ್ ಮತ್ತು ಇಡ್ಲಿ ಪಾತ್ರೆಯೇ ಸರಿ. ನೀರಿನಲ್ಲಿ ಅಥವಾ ಹಬೆಯಲ್ಲಿ ಬೇಯಬೇಕಾದ ಯಾವುದಕ್ಕೂ ಈ ಓವನ್ನಿನಿಂದ ಲಾಭವಿಲ್ಲ, ಸಮಯವೂ ಕರೆಂಟೂ ವ್ಯರ್ಥ.

ಹೊರಗೆ ಕರಟುತ್ತದೆ, ಒಳಗೆ ಹಸಿಯಾಗಿಯೇ ಇರುತ್ತದೆ. ಓವನ್ ಕೆಟ್ಟಿದೆಯೇ?

ಓವನ್ ಸರಿಯಾಗಿಯೇ ಇದೆ, ತುಂಡು ದಪ್ಪವಾಗಿದೆ. ಎಲ್ಲಕ್ಕಿಂತ ಹೆಚ್ಚಾಗಿ ಬರುವ ಪ್ರಶ್ನೆ ಇದು, ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಬೆಳಕಿನ ಶಕ್ತಿ ಮೇಲಿನ ಕೆಲವೇ ಮಿಲಿಮೀಟರುಗಳಲ್ಲಿ ಮುಗಿದುಹೋಗುತ್ತದೆ. ಅಲ್ಲಿಂದ ಒಳಕ್ಕೆ ಬಿಸಿ ಸಾಗುವುದು ಕಣದಿಂದ ಕಣಕ್ಕೆ, ವಹನದ ಮೂಲಕ. ಮಾಂಸ, ಮೀನು, ಪನೀರ್, ಆಲೂಗಡ್ಡೆಗಳಂಥ ನೀರು ತುಂಬಿದ ಪದಾರ್ಥಗಳಲ್ಲಿ ಈ ಸಾಗಾಟ ಬಹಳ ನಿಧಾನ. ಎರಡು ಸೆಂಟಿಮೀಟರ್ ದಪ್ಪದ ತುಂಡಿನ ನಡುಭಾಗಕ್ಕೆ ಎರಡೂ ಮೈಗಳಿಂದ ಬಿಸಿ ಚೆನ್ನಾಗಿ ತಲುಪಲು ಹತ್ತು ಹನ್ನೆರಡು ನಿಮಿಷಗಳು ಬೇಕು. ದಪ್ಪ ಇಮ್ಮಡಿಯಾದರೆ ಸಮಯವೂ ಇಮ್ಮಡಿಯಾಗುತ್ತದೆ ಎಂದುಕೊಳ್ಳುವುದು ಸಹಜ, ಆದರೆ ಅದು ನಾಲ್ಮಡಿಯಾಗುತ್ತದೆ: ನಾಲ್ಕು ಸೆಂಟಿಮೀಟರ್ ತುಂಡಿಗೆ ಮುಕ್ಕಾಲು ಗಂಟೆಯ ಹತ್ತಿರ. ಅಷ್ಟು ಹೊತ್ತು ಮೇಲ್ಮೈಯನ್ನು ಪೂರ್ಣ ಬೆಳಕಿಗೆ ಒಡ್ಡಿದರೆ ಅದು ಇದ್ದಿಲಾಗದೆ ಇರಲು ಸಾಧ್ಯವಿಲ್ಲ.

ಪರಿಹಾರಗಳು ಎರಡು. ತೆಳ್ಳಗೆ ಹೆಚ್ಚುವುದು ಮೊದಲನೆಯದು ಮತ್ತು ಉತ್ತಮವಾದದ್ದು. ದಪ್ಪ ತುಂಡೇ ಬೇಕಿದ್ದಾಗ ಕೆಳಗಿನ ಜಾಲರಿಯ ಮೇಲೆ, 150ರಿಂದ 160 ಡಿಗ್ರಿಗೆ ಇಟ್ಟು ಮೊದಲು ಒಳಭಾಗವನ್ನು ಬೇಯಿಸಿ, ಕೊನೆಯಲ್ಲಿ ಮೇಲಿನ ಜಾಲರಿಗೆ ಏರಿಸಿ ಬಣ್ಣ ತರಿಸುವುದು ಎರಡನೆಯದು. ಕೋಳಿಯಾದರೆ ನಡುಭಾಗ 74 ಡಿಗ್ರಿ ಮುಟ್ಟಿರಬೇಕು, ಇದರಲ್ಲಿ ರಾಜಿ ಸಲ್ಲದು. ಕಡ್ಡಿಯಂತೆ ಚುಚ್ಚುವ ಉಷ್ಣಮಾಪಕ ಕ್ರಾಫರ್ಡ್ ಮಾರ್ಕೆಟ್ಟಿನ ಅಂಗಡಿಗಳಲ್ಲಿ ಕೇಳಿದರೆ ಸಿಗುತ್ತದೆ; ಓವನ್ನಿನ ಜೊತೆಗೆ ಕೊಳ್ಳಬೇಕಾದ ವಸ್ತು ಒಂದೇ ಎಂದರೆ ನಾನು ಅದನ್ನೇ ಹೇಳುತ್ತೇನೆ.

ಹತ್ತು ನಿಮಿಷ ಏನೂ ಆಗುವುದಿಲ್ಲ, ಕೊನೆಯ ಎರಡು ನಿಮಿಷದಲ್ಲಿ ಎಲ್ಲ ಕಪ್ಪಾಗಿಬಿಡುತ್ತದೆ. ಯಾಕೆ ಹೀಗೆ?

ಇದಕ್ಕೆ ಎರಡು ಕಾರಣಗಳು ಒಂದರ ಬೆನ್ನಿಗೊಂದು ಬರುತ್ತವೆ. ಮೇಲ್ಮೈಯಲ್ಲಿ ನೀರಿನ ಪಸೆ ಇರುವವರೆಗೆ ಅದರ ಕಾವು 100 ಡಿಗ್ರಿಯ ಆಚೆ ಹೋಗುವುದಿಲ್ಲ, ಬಂದ ಶಕ್ತಿಯೆಲ್ಲ ಆ ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗುತ್ತದೆ. ಒಂದು ಗ್ರಾಂ ನೀರು ಕುದಿದು ಆವಿಯಾಗಲು ಸುಮಾರು 2,260 ಜೂಲ್ ಬೇಕು, ಅದೇ ನೀರನ್ನು ಕೋಣೆಯ ಕಾವಿನಿಂದ ಕುದಿಯುವವರೆಗೆ ಕಾಯಿಸಲು ಬೇಕಾದದ್ದರ ಏಳುಪಟ್ಟಿಗೂ ಹೆಚ್ಚು. ಆದ್ದರಿಂದಲೇ ಮೊದಲ ಹತ್ತು ನಿಮಿಷ ಏನೂ ಆಗದಂತೆ ಕಾಣುತ್ತದೆ. ಪಸೆ ಆರಿದೊಡನೆ ಮೇಲ್ಮೈ ಸರ್ರನೆ 140 ಡಿಗ್ರಿ ದಾಟುತ್ತದೆ, ಸಕ್ಕರೆ ಮತ್ತು ಪ್ರೋಟೀನುಗಳು ಕೂಡಿ ಹೊಂಬಣ್ಣ ತರುವ ಕ್ರಿಯೆ ಜೋರಾಗುವುದು ಅಲ್ಲಿಂದಲೇ.

ಎರಡನೆಯ ಕಾರಣ ಬೆಳಕಿನ ಓವನ್ನಿಗೇ ವಿಶೇಷವಾದದ್ದು. ಬಿಳಿಯ ಮೈ ತನ್ನ ಮೇಲೆ ಬಿದ್ದ ಬೆಳಕಿನ ಒಳ್ಳೆಯ ಪಾಲನ್ನು ಹಿಂದಕ್ಕೆ ಕಳಿಸಿಬಿಡುತ್ತದೆ; ಕಂದಾದ ಮೈ ಹೆಚ್ಚು ಹೀರುತ್ತದೆ. ಹೀರಿದಷ್ಟೂ ಕಾವು ಏರಿ ಇನ್ನಷ್ಟು ಕಂದಾಗುತ್ತದೆ, ಕಂದಾದಷ್ಟೂ ಇನ್ನಷ್ಟು ಹೀರುತ್ತದೆ. ಹೀಗಾಗಿ ತೆಳು ಹೊಂಬಣ್ಣದಿಂದ ಕರಿಬಣ್ಣಕ್ಕೆ ಹೋಗಲು ಹಿಡಿಯುವ ಸಮಯ, ಬಿಳಿಯಿಂದ ಹೊಂಬಣ್ಣಕ್ಕೆ ಬರಲು ಹಿಡಿದದ್ದಕ್ಕಿಂತ ಬಹಳ ಕಡಿಮೆ. ಮೊದಲ ಹೊಂಬಣ್ಣ ಅಂಚಿನಲ್ಲಿ ಕಾಣಿಸಿಕೊಂಡ ಗಳಿಗೆಯಿಂದ ಓವನ್ನಿನ ಮುಂದೆಯೇ ನಿಲ್ಲಿ, ಬಾಗಿಲ ಗಂಟೆ ಬಾರಿಸಿದರೆ ಓವನ್ ಆರಿಸಿಯೇ ಹೋಗಿ. ಬೆಲ್ಲ, ಜೇನು, ಸಕ್ಕರೆ ಸವರಿದ ಪದಾರ್ಥಗಳಿಗೆ ಇನ್ನೂ ಹೆಚ್ಚಿನ ನಿಗಾ ಬೇಕು.

ಬಂಗುಡೆಗೆ ತವಾದ ಮೇಲೆ ಬರುವ ಗರಿ ಇದರಲ್ಲಿ ಬರುವುದಿಲ್ಲವಲ್ಲ?

ಮೀನು ಒದ್ದೆಯಾಗಿರುವುದೇ ಕಾರಣ. ತೊಳೆದ ಬಂಗುಡೆಯನ್ನು ಬಟ್ಟೆಯಿಂದ ಒತ್ತಿ ಒರೆಸಿ, ಎರಡೂ ಪಕ್ಕಗಳಲ್ಲಿ ಮುಳ್ಳಿನವರೆಗೆ ಓರೆಯಾಗಿ ಸೀಳು ಹಾಕಿ, ಬ್ಯಾಡಗಿ ಮೆಣಸಿನ ಮಸಾಲೆಯನ್ನು ಹುಣಸೆಯ ಗಟ್ಟಿ ರಸದಲ್ಲಿ ನೀರು ಹೆಚ್ಚು ಸೇರಿಸದೆ ಅರೆದು ತೆಳ್ಳಗೆ ಸವರಿ. ಅರ್ಧ ಗಂಟೆ ಮುಚ್ಚದೆ ಫ್ರಿಜ್ಜಿನಲ್ಲಿಟ್ಟರೆ ಮಸಾಲೆಯ ಮೇಲ್ಪದರ ಆರುತ್ತದೆ. ಆಮೇಲೆ ಒಂದು ಚಮಚ ಕೊಬ್ಬರಿ ಎಣ್ಣೆ ಸವರಿ ಮೇಲಿನ ಜಾಲರಿಯಲ್ಲಿ 200 ಡಿಗ್ರಿಗೆ ಇಡಿ, ಅರ್ಧದಲ್ಲಿ ಒಮ್ಮೆ ತಿರುವಿಹಾಕಿ. ಸೀಳುಗಳ ಅಂಚು ಮೇಲೆದ್ದು ಮೊದಲು ಗರಿಯಾಗುತ್ತದೆ; ಸೀಳಿನ ತಳದಲ್ಲಿ ಮಾಂಸ ಬೆಳ್ಳಗಾಗಿ ಮುಳ್ಳಿನಿಂದ ಬಿಟ್ಟುಕೊಂಡರೆ ಬೆಂದಿದೆ ಎಂದರ್ಥ. ಮಂಗಳೂರಿನ ರವಾ ಫ್ರೈಯ ಗರಿ ಇದರಲ್ಲಿ ಬರುವುದಿಲ್ಲ, ಅದಕ್ಕೆ ಎಣ್ಣೆಯೂ ತವಾವೂ ಬೇಕೇ ಬೇಕು.

ಗೊಜ್ಜಿಗೆ ಬದನೆಕಾಯಿ ಸುಡಬಹುದೇ?

ಧಾರಾಳವಾಗಿ. ಕಡುನೇರಳೆ ಸಿಪ್ಪೆ ಬೆಳಕನ್ನು ಚೆನ್ನಾಗಿ ಹೀರುವುದರಿಂದ ಈ ಓವನ್ನಿಗೆ ಹೇಳಿ ಮಾಡಿಸಿದಂಥ ತರಕಾರಿ ಇದು. ಆವಿ ಹೊರಹೋಗಲು ಮುಳ್ಳುಚಮಚದಿಂದ ನಾಲ್ಕಾರು ಕಡೆ ಚುಚ್ಚಲೇಬೇಕು, ಇಲ್ಲದಿದ್ದರೆ ಕಾಯಿ ಒಡೆದು ತಿರುಳು ದೀಪದ ಗಾಜಿಗೆ ಸಿಡಿಯುತ್ತದೆ. ಗ್ಯಾಸಿನ ಉರಿಯಲ್ಲಿ ಸುಟ್ಟಾಗಿನ ಹೊಗೆಯ ಕಂಪು ಇದರಲ್ಲಿ ಕಡಿಮೆಯೇ. ಬೆಂದ ಮೇಲೆ ಸಿಪ್ಪೆಯನ್ನು ಅರ್ಧ ನಿಮಿಷ ನೇರ ಉರಿಗೆ ಹಿಡಿದರೆ ಆ ಕೊರತೆಯೂ ತುಂಬುತ್ತದೆ.

ಒಂದು ಕಡೆ ಕೆಂಪಾಗುತ್ತದೆ, ಇನ್ನೊಂದು ಕಡೆ ಬೆಳ್ಳಗೆ ಉಳಿಯುತ್ತದೆ. ಏನು ಮಾಡಲಿ?

ಬೆಳಕು ನೇರ ಗೆರೆಯಲ್ಲಿ ಸಾಗುವುದರಿಂದ ನೆರಳು ಬಿದ್ದ ಜಾಗ ಬೇಯುವುದಿಲ್ಲ. ನಿಮ್ಮ ಓವನ್ನಿನಲ್ಲಿ ಬೆಳಕು ಎಲ್ಲೆಲ್ಲಿ ಹೇಗೆ ಬೀಳುತ್ತದೆ ಎಂದು ತಿಳಿಯಲು ಒಂದು ಉದ್ದಿನ ಹಪ್ಪಳ ಸಾಕು. ಅದನ್ನು ಮೇಲಿನ ಜಾಲರಿಯ ಮೇಲಿಟ್ಟು ದೀಪ ಹೊತ್ತಿಸಿ ನೋಡುತ್ತಿರಿ: ದೀಪದ ಬಳೆಯ ನೇರ ಕೆಳಗೆ ಮೊದಲು ಸಣ್ಣ ಗುಳ್ಳೆಗಳೆದ್ದು ಬೆಳ್ಳಗಾಗುತ್ತವೆ, ಗುಳ್ಳೆಗಳ ಸಾಲು ಬಳೆಯ ಆಕಾರದಲ್ಲೇ ಹರಡುತ್ತದೆ, ಅಂಚು ಮಾತ್ರ ಹಳದಿಯಾಗಿ ಹಸಿಯಾಗಿ ಉಳಿದು ಮೇಲಕ್ಕೆ ಬಾಗುತ್ತದೆ. ಆ ಗುರುತೇ ನಿಮ್ಮ ಓವನ್ನಿನ ನಕ್ಷೆ. ತುಂಡುಗಳನ್ನು ಆ ಬಳೆಯ ಕೆಳಗೆ ಒಂದರ ಮೇಲೊಂದು ಬೀಳದಂತೆ, ನಡುವೆ ಬೆರಳಿನಷ್ಟು ಜಾಗ ಬಿಟ್ಟು ಜೋಡಿಸಿ, ಅರ್ಧ ಸಮಯದಲ್ಲಿ ಒಳಗಿನದನ್ನು ಹೊರಕ್ಕೂ ಹೊರಗಿನದನ್ನು ಒಳಕ್ಕೂ ಬದಲಿಸಿ. ಎತ್ತರವೂ ಮುಖ್ಯ: ದೀಪಕ್ಕೆ ಹತ್ತಿರವಾದಷ್ಟೂ ಬೆಳಕಿನ ತೀವ್ರತೆ ಬೇಗ ಬೇಗ ಏರುವುದರಿಂದ, ಉಬ್ಬಿದ ಪದಾರ್ಥದ ನೆತ್ತಿ ಮಿಕ್ಕ ಭಾಗಕ್ಕಿಂತ ಮೊದಲೇ ಕರಟುತ್ತದೆ.

ಯಾವ ಪಾತ್ರೆ ಇಡಬೇಕು? ಫಾಯಿಲ್ ಹಾಕಬಹುದೇ?

ಮೈಕ್ರೋವೇವಿನಲ್ಲಿ ಲೋಹಕ್ಕಿರುವ ನಿರ್ಬಂಧ ಇಲ್ಲಿಲ್ಲ. ಕಪ್ಪು ತಟ್ಟೆ ಬೆಳಕನ್ನು ಹೀರಿ ತಾನೂ ಕಾಯುವುದರಿಂದ ನಾನ್‌ಖಟಾಯಿಯ ತಳ ಚೆನ್ನಾಗಿ ಕೆಂಪಾಗುತ್ತದೆ. ಹೊಳೆಯುವ ಸ್ಟೀಲ್ ತಟ್ಟೆಯಲ್ಲಿ ತಳ ಬೆಳ್ಳಗೆ ಉಳಿಯುತ್ತದೆ. ಅಲ್ಯೂಮಿನಿಯಂ ಫಾಯಿಲ್ ತನ್ನ ಮೇಲೆ ಬಿದ್ದ ಕಿರಣವನ್ನು ಬಹುಪಾಲು ಹಿಂದಕ್ಕೆ ಎಸೆಯುವುದರಿಂದ, ಬೇಗ ಕರಟುವ ಭಾಗದ ಮೇಲೆ ಅದರ ಒಂದು ತುಂಡನ್ನು ಬಿಗಿಯಾಗಿ ಮುಚ್ಚುವುದು ಒಳ್ಳೆಯ ಉಪಾಯ. ಸಡಿಲವಾಗಿ ಇಟ್ಟರೆ ಫ್ಯಾನಿನ ಗಾಳಿಗೆ ಹಾರಿ ದೀಪಕ್ಕೆ ತಗುಲುತ್ತದೆ. ಪ್ಲಾಸ್ಟಿಕ್ ಯಾವುದೂ ಬೇಡ, ಮೈಕ್ರೋವೇವಿಗೆ ಆಗುತ್ತದೆ ಎಂದು ಬರೆದಿದ್ದರೂ ಬೇಡ.

## ಕೊಳ್ಳುವಾಗ, ಬಳಸುವಾಗ

ಕರೆಂಟ್ ಬಿಲ್ ಎಷ್ಟು ಏರುತ್ತದೆ? ಸಾಧಾರಣ ಪ್ಲಗ್ಗಿಗೆ ಹಾಕಬಹುದೇ?

1,300 ವಾಟಿನ ಓವನ್ ಅರ್ಧ ಗಂಟೆ ಬಿಡುವಿಲ್ಲದೆ ಉರಿದರೂ ಮುಕ್ಕಾಲು ಯೂನಿಟ್ ಆಗುವುದಿಲ್ಲ. ಬೇಕಾದ ಕಾವು ಬಂದ ಮೇಲೆ ದೀಪ ಆರಿ ಹತ್ತುತ್ತಿರುವುದರಿಂದ ನಿಜವಾದ ಖರ್ಚು ಇನ್ನೂ ಕಡಿಮೆ. ದೀಪ ಹೀಗೆ ಆರಿದಾಗ ಹಾಳಾಯಿತೆಂದು ಗಾಬರಿಯಾಗಬೇಕಿಲ್ಲ. ಪ್ಲಗ್ಗಿನ ವಿಷಯ ಬೇರೆ. 230 ವೋಲ್ಟಿನಲ್ಲಿ ಈ ಓವನ್ ಐದೂವರೆ ಆಂಪಿಯರಿಗೂ ಹೆಚ್ಚು ಎಳೆಯುತ್ತದೆ, ಅಂದರೆ 6 ಆಂಪಿಯರಿನ ಸಣ್ಣ ಪಾಯಿಂಟಿನ ಮಿತಿಯ ಅಂಚಿಗೆ ಬಂದುಬಿಡುತ್ತದೆ. ಹಳೆಯ ಚಾಳುಗಳಲ್ಲಿ, ನಲವತ್ತು ಐವತ್ತು ವರ್ಷದ ಕಟ್ಟಡಗಳಲ್ಲಿ ವೈರಿಂಗ್ ಸವೆದಿರುವುದೇ ಹೆಚ್ಚು. 16 ಆಂಪಿಯರಿನ ಪವರ್ ಪಾಯಿಂಟಿಗೆ ನೇರವಾಗಿ ಹಾಕಿ. ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ಮಿಕ್ಸರಿನ ಜೊತೆಗೆ ಹಾಕಬೇಡಿ.

ಮಳೆಗಾಲದಲ್ಲಿ ರವೆ, ಶೇಂಗಾ ಎಲ್ಲ ಮೆತ್ತಗಾಗುತ್ತದೆ. ಇದರಲ್ಲಿ ಒಣಗಿಸಬಹುದೇ?

ಒಣಗಿಸಬಹುದು. ಜುಲೈಯ ಮುಂಬೈಗೆ ಈ ಓವನ್ ಮಾಡುವ ಅತ್ಯಂತ ದೊಡ್ಡ ಉಪಕಾರ ಇದೇ ಎನ್ನಬಹುದು. ಅಗಲ ತಟ್ಟೆಯಲ್ಲಿ ತೆಳ್ಳಗೆ ಹರಡಿ, 100 ಡಿಗ್ರಿಯ ಸುತ್ತ ಇಟ್ಟು, ಆಗಾಗ ಕೈಯಾಡಿಸಿ. ಡಬ್ಬಿಗೆ ತುಂಬುವ ಮುನ್ನ ಪೂರ್ತಿ ಆರಲು ಬಿಡಿ, ಬಿಸಿಯಿದ್ದಾಗಲೇ ಮುಚ್ಚಿದರೆ ಒಳಗೆ ಮತ್ತೆ ಬೆವರುತ್ತದೆ.

ದೀಪವನ್ನು ಬೆರಳಿನಿಂದ ಮುಟ್ಟಬಾರದು ಎನ್ನುತ್ತಾರಲ್ಲ, ಯಾಕೆ?

ಬೆರಳಿನ ಎಣ್ಣೆ ಮತ್ತು ಉಪ್ಪು ದೀಪದ ಸ್ಫಟಿಕದ ಕೊಳವೆಗೆ ಅಂಟಿದರೆ, ಮುಂದೆ ದೀಪ ಕಾದಾಗ ಆ ಜಾಗದಲ್ಲಿ ಸ್ಫಟಿಕ ಮಂಜಾಗಿ, ದುರ್ಬಲವಾಗಿ, ಕೊನೆಗೆ ಬಿರುಕು ಬಿಡುತ್ತದೆ. ತಣ್ಣಗಾದ ಮೇಲೆ ಒಣ ಬಟ್ಟೆಯಿಂದ ಹಿಡಿಯಿರಿ. ಹೆಚ್ಚಿನ ಓವನ್ನುಗಳಲ್ಲಿ ದೀಪದ ಕೆಳಗೆ ರಕ್ಷಣೆಯ ಗಾಜು ಇರುತ್ತದೆ; ಅದಕ್ಕೆ ಜಿಡ್ಡು ಕಟ್ಟಿದರೆ ಬೆಳಕು ಕುಂದುವುದರಿಂದ ವಾರಕ್ಕೊಮ್ಮೆಯಾದರೂ ಒರೆಸಬೇಕು.

## ಇನ್ನೂ ಆಳಕ್ಕೆ

ಹ್ಯಾಲೊಜನ್ ಎಂಬ ಹೆಸರು ಸುಮ್ಮನೆ ಮಾರಾಟಕ್ಕೆ ಇಟ್ಟದ್ದೇ, ಅದರಿಂದ ಉಪಯೋಗವಿದೆಯೇ?

ಉಪಯೋಗವಿದೆ. ಸಾಧಾರಣ ಬಲ್ಬಿನಲ್ಲಿ ಟಂಗ್‌ಸ್ಟನ್ ತಂತು ಕಾದು ಸ್ವಲ್ಪ ಸ್ವಲ್ಪವೇ ಆವಿಯಾಗಿ ಗಾಜಿನ ಒಳಮೈಗೆ ಕಪ್ಪಗೆ ಕೂರುತ್ತದೆ. ಕೊಳವೆಯೊಳಗೆ ಅಯೋಡಿನ್ ಅಥವಾ ಬ್ರೋಮಿನ್ ತುಸು ಸೇರಿಸಿದರೆ ಅದು ಆವಿಯಾದ ಟಂಗ್‌ಸ್ಟನ್ನನ್ನು ಹಿಡಿದು ಮತ್ತೆ ತಂತುವಿನ ಬಳಿಗೇ ತಂದುಬಿಡುತ್ತದೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಎಂಜಿನಿಯರುಗಳಿಗೆ ಇದರ ಪೇಟೆಂಟ್ ಸಿಕ್ಕಿದ್ದು 1959ರಲ್ಲಿ. ಇದರಿಂದಾಗಿ ತಂತುವನ್ನು ಹೆಚ್ಚು ಕಾವಿನಲ್ಲಿ, ಕೊಳವೆ ಕಪ್ಪಾಗದಂತೆ, ಬಹುಕಾಲ ಉರಿಸಬಹುದು.

ತಂತುವಿನ ಕಾವು ಹೆಚ್ಚಿದರೆ ಅಡುಗೆಗೆ ಏನು ಫರಕು?

ಕಾದ ವಸ್ತುವಿನಿಂದ ಹೊರಡುವ ಶಕ್ತಿ, ಅದರ ಕೆಲ್ವಿನ್ ಕಾವಿನ (ಸೆಲ್ಸಿಯಸ್ ಡಿಗ್ರಿಗೆ 273 ಕೂಡಿಸಿದರೆ ಬರುವ ಅಂಕಿಯ) ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆ. ಕಾವು ಇಮ್ಮಡಿಯಾದರೆ ಅದೇ ವಿಸ್ತೀರ್ಣದಿಂದ ಹದಿನಾರು ಪಟ್ಟು ಶಕ್ತಿ ಹೊಮ್ಮುತ್ತದೆ. ಕಾವು ಏರಿದಂತೆ ಕಿರಣದ ಅಲೆಯೂ ಚಿಕ್ಕದಾಗುತ್ತದೆ. 2,898ನ್ನು ಕೆಲ್ವಿನ್ ಕಾವಿನಿಂದ ಭಾಗಿಸಿದರೆ ಅತಿ ಹೆಚ್ಚು ಶಕ್ತಿ ಹೊರಡುವ ಅಲೆಯ ಉದ್ದ ಮೈಕ್ರಾನುಗಳಲ್ಲಿ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಸಿಗುತ್ತದೆ: ಸುಮಾರು 2,900 ಕೆಲ್ವಿನ್ ಕಾವಿನ ಹ್ಯಾಲೊಜನ್ ತಂತುವಿಗೆ ಅದು ಒಂದು ಮೈಕ್ರಾನ್, 1,100 ಕೆಲ್ವಿನ್ ಆಸುಪಾಸಿನಲ್ಲಿ ಕೆಂಪಗೆ ಹೊಳೆಯುವ ಓಟಿಜಿ ಸರಳಿಗೆ ಎರಡೂವರೆ ಮೈಕ್ರಾನಿಗಿಂತ ಸ್ವಲ್ಪ ಹೆಚ್ಚು. ನೀರು ಅತಿ ಬಲವಾಗಿ ಹೀರುವುದು ಮೂರು ಮೈಕ್ರಾನಿನ ಸುತ್ತಲಿನ ಅಲೆಗಳನ್ನು, ಆದ್ದರಿಂದ ಸರಳಿನ ಕಿರಣ ಒದ್ದೆ ಮೈಯ ತೀರ ಮೇಲ್ಪದರದಲ್ಲೇ ಮುಗಿಯುತ್ತದೆ. ಹ್ಯಾಲೊಜನ್ ಕಿರಣವನ್ನು ನೀರು ಅಷ್ಟಾಗಿ ಹೀರದು. ಅದು ಆಹಾರದೊಳಗೆ ಅತ್ತಿತ್ತ ಚದುರುತ್ತ ಕೆಲವು ಮಿಲಿಮೀಟರ್ ಇಳಿಯುತ್ತದೆ. ತೆಳುವಾದ ಪಾವ್, ಪಿಜ್ಜಾ, ಪನೀರ್ ಹೋಳುಗಳು ಇದರಲ್ಲಿ ಬೇಗ ಆಗುವುದಕ್ಕೆ ಇದೂ ಒಂದು ಕಾರಣ.

ಬಿಸಿಲಿನ ಕುಕ್ಕರ್ ಕೂಡ ಇದೇ ತತ್ವವೇ?

ಶಕ್ತಿ ಬೆಳಕಾಗಿಯೇ ಬರುತ್ತದೆ, ಆದರೆ ಬೇಯುವ ಬಗೆ ಬೇರೆ. ಪೆಟ್ಟಿಗೆ ಕುಕ್ಕರಿನಲ್ಲಿ ಬಿಸಿಲು ಕಪ್ಪು ಪಾತ್ರೆಯನ್ನು ಕಾಯಿಸುತ್ತದೆ, ಪಾತ್ರೆ ಅಡುಗೆಯನ್ನು ಬೇಯಿಸುತ್ತದೆ. ಕಾದ ಪಾತ್ರೆ ಹೊಮ್ಮಿಸುವ ಉದ್ದ ಅಲೆಯ ಕಿರಣವನ್ನು ಮೇಲಿನ ಗಾಜು ಹೊರಕ್ಕೆ ಬಿಡದಿರುವುದರಿಂದ ಒಳಗೆ ಕಾವು ನಿಲ್ಲುತ್ತದೆ. ಅಲ್ಲಿ ಅನ್ನ ಬೇಳೆ ಸೊಗಸಾಗಿ ಆಗುತ್ತವೆ, ಹೊಂಬಣ್ಣ ಬರುವುದಿಲ್ಲ. ಶಿರಡಿಯ ಸಾಯಿ ಸಂಸ್ಥಾನದ ಪ್ರಸಾದಾಲಯದಲ್ಲಿ 2009ರಲ್ಲಿ ಶುರುವಾದ 73 ದೊಡ್ಡ ದರ್ಪಣಗಳ ಏರ್ಪಾಡು ಮತ್ತೊಂದು ಬಗೆಯದು: ಅಲ್ಲಿ ಬಿಸಿಲು ನೀರನ್ನು ಹಬೆ ಮಾಡುತ್ತದೆ, ಆ ಹಬೆಯಿಂದ ಅಡುಗೆ ನಡೆಯುತ್ತದೆ.

ಇಷ್ಟು ಬೇಗ ಬೇಯಿಸುವುದಾದರೆ ಬರೀ ಬೆಳಕಿನ ಓವನ್ ಎಲ್ಲ ಕಡೆ ಯಾಕೆ ಬರಲಿಲ್ಲ?

ದಪ್ಪ ಪದಾರ್ಥದ ಮುಂದೆ ಅದು ಸೋಲುವುದರಿಂದ. ಜನರಲ್ ಎಲೆಕ್ಟ್ರಿಕ್ 1999ರಲ್ಲಿ ಅಡ್ವಾಂಟಿಯಂ ಎಂಬ ಓವನ್ನನ್ನು ಮಾರುಕಟ್ಟೆಗೆ ತಂದಾಗ ಹ್ಯಾಲೊಜನ್ ದೀಪಗಳ ಜೊತೆಗೆ ಮೈಕ್ರೋವೇವನ್ನೂ ಸೇರಿಸಿತ್ತು: ಮೇಲ್ಮೈಗೆ ಬೆಳಕು, ಒಳಭಾಗಕ್ಕೆ ಮೈಕ್ರೋವೇವ್. ನಮ್ಮ ಮನೆಗಳಲ್ಲಿ ಎರಡು ಸಾಧನಗಳು ಬೇರೆ ಬೇರೆಯಾಗಿ ಇದ್ದರೂ ಇದೇ ಕೆಲಸ ಮಾಡಿಕೊಳ್ಳಬಹುದು. ಇಡೀ ಆಲೂಗಡ್ಡೆಯನ್ನು ಚುಚ್ಚಿ ಮೈಕ್ರೋವೇವಿನಲ್ಲಿ ನಾಲ್ಕೈದು ನಿಮಿಷ ಮೆತ್ತಗಾಗಿಸಿ, ಸೀಳಿ, ತುಪ್ಪ ಸವರಿ, ಹ್ಯಾಲೊಜನ್ ಓವನ್ನಿನ ಮೇಲಿನ ಜಾಲರಿಯಲ್ಲಿ ಸಿಪ್ಪೆ ಗರಿಯಾಗುವವರೆಗೆ ಇಟ್ಟರೆ, ಬೆಳಕೊಂದರಿಂದಲೇ ಒಂದು ಗಂಟೆ ಹಿಡಿಯುವ ಅಡುಗೆ ಕಾಲು ಗಂಟೆಯಲ್ಲಿ ತಟ್ಟೆಗೆ ಬರುತ್ತದೆ.